ತೋಟದ ವಸ್ತಿಗೆ ಪಿಟ್‌ಬುಲ್ ತರಬಹುದೇ?

2025ರ ಮೊದಲ ಆರು ತಿಂಗಳಲ್ಲಿ ಎಷ್ಟು ಜನರಿಗೆ ನಾಯಿ ಕಚ್ಚಿದೆ ಎಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ತೆಗೆದಾಗ ಒಟ್ಟು ಸುಮಾರು 2.3 ಲಕ್ಷ ಪ್ರಕರಣ ಸಿಕ್ಕವು. ಆ ಪಟ್ಟಿಯ ಮೊದಲ ಹೆಸರು ಬೆಂಗಳೂರಿನದಲ್ಲ, ನಮ್ಮ ವಿಜಯಪುರದ್ದು. 15,500ಕ್ಕೂ ಹೆಚ್ಚು ಕಡಿತ. ಕೋಟಿ ದಾಟಿದ ಜನ ಇರುವ ಬೆಂಗಳೂರು ಪಾಲಿಕೆಯ ಲೆಕ್ಕವೇ 13,800ರ ಆಸುಪಾಸಿನಲ್ಲಿ ನಿಂತಿತ್ತು. ನೆರೆಯ ಬಾಗಲಕೋಟೆ ಐದನೆಯದು. ದ್ರಾಕ್ಷಿಗೆ, ಲಿಂಬೆಗೆ, ತೊಗರಿಗೆ ಹೆಸರಾದ ಜಿಲ್ಲೆ ಇದರಲ್ಲೂ ಮೊದಲು ಬರಬೇಕಿರಲಿಲ್ಲ.

ಆದರೆ ನಾಯಿಯ ಮಾತು ಬಂದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಯುವಕರು ಕೇಳುವ ಪ್ರಶ್ನೆ ಬೇರೆ. "ಪಿಟ್‌ಬುಲ್ ಮರಿ ತರಬೇಕಂತ ಮಾಡೀನ್ರಿ ಅಣ್ಣಾರ. ಮನ್ಯಾಗ ಸಣ್ಣ ಹುಡುಗ್ರು ಅದಾವು. ನಡೀತೈತೇನ್ರಿ?" ಪ್ರಶ್ನೆ ಎಲ್ಲಿಂದ ಹುಟ್ಟುತ್ತದೆ ಎಂಬುದೂ ಗೊತ್ತಿರುವುದೇ. ಊರು ಬಿಟ್ಟು ಹೊಲದಲ್ಲಿ ಮನೆ ಕಟ್ಟಿಕೊಂಡವರಿಗೆ ರಾತ್ರಿ ಬೋರಿನ ಕೇಬಲ್ ಉಳಿಯಬೇಕು, ಹನಿ ನೀರಾವರಿಯ ಪೈಪು ಉಳಿಯಬೇಕು, ಕೊಟ್ಟಿಗೆಯ ಆಡು ಬೆಳಗ್ಗೆ ಎಣಿಸಿದಾಗ ಸರಿಯಾಗಿ ಸಿಗಬೇಕು. ಅದರ ಮೇಲೆ ಮೊಬೈಲಿನ ರೀಲ್ಸ್. ಅಗಲ ಎದೆ, ದಪ್ಪ ತಲೆ, ಕೊರಳಲ್ಲಿ ಮುಳ್ಳಿನ ಪಟ್ಟಿ, ಹಿಂದೆ ಡೊಳ್ಳಿನಂಥ ಸಂಗೀತ. ನೋಡಿದವನಿಗೆ ತನ್ನ ವಸ್ತಿಯ ಮುಂದೆಯೂ ಅಂಥದ್ದೊಂದು ನಿಲ್ಲಲಿ ಅನ್ನಿಸುತ್ತದೆ.

ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ತರಬೇಡಿ ಎಂಬುದು ನನ್ನ ಉತ್ತರ. ಯಾಕೆ ಎಂಬುದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಈ ನಾಯಿಯನ್ನು ಬೈಯುವವರ ಮಾತಿನಲ್ಲೂ ಸುಳ್ಳು ಬೆರೆತಿದೆ, ಹೊಗಳುವವರ ಮಾತಿನಲ್ಲೂ ಬೆರೆತಿದೆ.

ಮೊದಲು ಇದರ ಮೂಲ. ಇಂಗ್ಲೆಂಡಿನಲ್ಲಿ ಹೋರಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಮೋಜು ಬಹಳ ಕಾಲ ನಡೆದಿತ್ತು. 1835ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಅದನ್ನು ನಿಷೇಧಿಸಿತು. ಹೋರಿ ತಪ್ಪಿಸಿಕೊಂಡಿತು, ಮೋಜುಗಾರರು ಸುಮ್ಮನಾಗಲಿಲ್ಲ. ಬುಲ್‌ಡಾಗ್‌ನ ಬಲಕ್ಕೆ ಟೆರಿಯರ್‌ನ ಚುರುಕು ಬೆರೆಸಿ, ನಾಯಿಗೂ ನಾಯಿಗೂ ಕಾಳಗ ಹಚ್ಚಿದರು. ಆ ನಾಯಿಗಳು ವಲಸೆಗಾರರ ಜೊತೆ ಅಮೆರಿಕಕ್ಕೆ ಹೋದವು. 1898ರಲ್ಲಿ ಅಲ್ಲಿ ಹುಟ್ಟಿದ ಯುನೈಟೆಡ್ ಕೆನೆಲ್ ಕ್ಲಬ್ 'ಅಮೆರಿಕನ್ ಪಿಟ್‌ಬುಲ್ ಟೆರಿಯರ್' ಎಂದು ತಳಿಯ ಹೆಸರು ದಾಖಲಿಸಿತು. ನಮ್ಮ ಕಡೆ ಟಗರಿನ ಕಾಳಗ ನೋಡಿದವರಿಗೆ ಇಲ್ಲಿ ನಡೆದ ಆಯ್ಕೆ ಬೇಗ ತಿಳಿಯುತ್ತದೆ. ಪೆಟ್ಟು ಬಿದ್ದರೂ ಹಿಂದೆ ಸರಿಯದ ಟಗರಿಗೇ ಬೆಲೆ, ಅದರ ಸಂತಾನಕ್ಕೇ ಬೇಡಿಕೆ. ತಲೆಮಾರುಗಟ್ಟಲೆ ಹೀಗೆ ಆರಿಸಿದ್ದು ಒಂದೇ ಗುಣಕ್ಕಾಗಿ: ಹಿಡಿದದ್ದನ್ನು ಬಿಡಬಾರದು.

ತಳಿಯ ಅಭಿಮಾನಿಗಳು ಇಲ್ಲೊಂದು ನಿಜ ಹೇಳುತ್ತಾರೆ. ಕಣದಲ್ಲಿ ಕಚ್ಚಾಡುವ ನಾಯಿಗಳನ್ನು ಬಿಡಿಸಲು ಮನುಷ್ಯರೇ ನಡುವೆ ಇಳಿಯಬೇಕಿತ್ತು. ಹಾಗಾಗಿ ಮನುಷ್ಯನಿಗೆ ಬಾಯಿ ಹಾಕುವ ನಾಯಿ ಅವರಿಗೂ ಬೇಡವಾಗಿತ್ತು. ಪಿಟ್‌ಬುಲ್‌ಗಳಲ್ಲಿ ಬಹಳಷ್ಟು ಮನೆಯವರ ಮೇಲೆ ಜೀವ ಇಡುವಂಥವೇ, ತೊಡೆಯ ಮೇಲೆ ತಲೆ ಇಟ್ಟು ಮಲಗುವಂಥವೇ. ಆದರೆ ಈ ಅರ್ಧ ನಿಜಕ್ಕೆ ಮೇಲೊಂದು ಕಥೆ ಕಟ್ಟಿದ್ದಾರೆ: ಹಿಂದಿನ ಕಾಲದಲ್ಲಿ ಇದು ಮಕ್ಕಳನ್ನು ನೋಡಿಕೊಳ್ಳುವ ಆಯಾ ನಾಯಿಯಾಗಿತ್ತಂತೆ. ಅದಕ್ಕೆ ಚರಿತ್ರೆಯ ಆಧಾರವಿಲ್ಲ. ಬೈಯುವವರ ಕಥೆಯೂ ಹಾಗೆಯೇ. ಇದರ ದವಡೆಗೆ ಬೀಗ ಬೀಳುತ್ತದೆ, ತೆಗೆಯಲು ಆಗುವುದೇ ಇಲ್ಲ ಎನ್ನುತ್ತಾರೆ. ಅಂಥ ಬೀಗ ಯಾವ ನಾಯಿಯ ದವಡೆಯಲ್ಲೂ ಇಲ್ಲ. ಇದು ಬಿಡದಿರುವುದು ಸ್ವಭಾವದಿಂದ. ಕಚ್ಚಿ, ಹಿಡಿದು, ತಲೆ ಒದರುತ್ತದೆ. ದೊಡ್ಡವರ ತೊಡೆಗಾದರೆ ಹೊಲಿಗೆ ಬೀಳುತ್ತವೆ. ಮೂರು ವರ್ಷದ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ.

ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯರು ಐದು ವರ್ಷಗಳಲ್ಲಿ ತಮ್ಮಲ್ಲಿಗೆ ಬಂದ 551 ಮಕ್ಕಳ ನಾಯಿ ಕಡಿತದ ದಾಖಲೆ ನೋಡಿ 2009ರಲ್ಲಿ ಬರೆದರು. ತಳಿ ಯಾವುದೆಂದು ಬರೆದಿದ್ದ ಪ್ರಕರಣಗಳಲ್ಲಿ ಸುಮಾರು ಅರ್ಧ ಪಿಟ್‌ಬುಲ್. ಇದೊಂದನ್ನೇ ಹಿಡಿದರೆ ತೀರ್ಪು ಮುಗಿಯಿತು. ಆದರೆ ತಳಿ ಬರೆಯುವವರು ಯಾರು? ಗಾಬರಿಯಲ್ಲಿ ಮಗುವನ್ನು ಎತ್ತಿಕೊಂಡು ಓಡಿ ಬಂದವರು. ಫ್ಲಾರಿಡಾದಲ್ಲಿ ನಾಯಿ ಆಶ್ರಯಧಾಮಗಳ ಸಿಬ್ಬಂದಿಗೆ, ಅಂದರೆ ದಿನವೂ ನಾಯಿಗಳ ನಡುವೆಯೇ ಇರುವವರಿಗೆ, 120 ನಾಯಿಗಳನ್ನು ತೋರಿಸಿದಾಗ 62ನ್ನು ಪಿಟ್‌ಬುಲ್ ಜಾತಿಯದು ಎಂದರು. ಡಿಎನ್‌ಎ ಪರೀಕ್ಷೆಯಲ್ಲಿ ಆ ರಕ್ತ ಸಿಕ್ಕಿದ್ದು 25ರಲ್ಲಿ ಮಾತ್ರ. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಸೇರಿಸಿ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ, ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟೇ ಎಂದಿತು. ಹೀಗಾಗಿ ತಳಿಯ ಹೆಸರು ಕೇಳಿ ನಿಮ್ಮ ಮನೆಗೆ ಬರುವ ಆ ಒಂದು ಮರಿ ಹೇಗಾಗುತ್ತದೆ ಎಂದು ಯಾರೂ ಹೇಳಲಾರರು. ಕಚ್ಚಿದರೆ ಎಷ್ಟು ಹಾನಿ ಎಂಬುದನ್ನು ಮಾತ್ರ ತಲೆ, ಕತ್ತು, ದವಡೆ ನೋಡಿ ಹೇಳಬಹುದು.

ನಮ್ಮ ಜಿಲ್ಲೆಯವರು ಓದಲೇಬೇಕಾದ ಅಧ್ಯಯನ ಇನ್ನೊಂದಿದೆ. ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ 2013ರಲ್ಲಿ ಬಂದದ್ದು. 2000ದಿಂದ 2009ರವರೆಗೆ ನಾಯಿ ಕಚ್ಚಿ ಸತ್ತ 256 ಜನರ ಒಂದೊಂದು ಪ್ರಕರಣವನ್ನೂ ಪೊಲೀಸರು ಮತ್ತು ತನಿಖಾಧಿಕಾರಿಗಳನ್ನು ಕೇಳಿ ಬಿಡಿಸಿ ನೋಡಿದರು. ತಳಿಯನ್ನು ಖಚಿತವಾಗಿ ಹೇಳಲು ಆದದ್ದು ನೂರಕ್ಕೆ ಹದಿನೆಂಟು ಪ್ರಕರಣಗಳಲ್ಲಷ್ಟೇ. ಆದರೆ ಬೇರೆ ಕೆಲವು ಸಂಗತಿಗಳು ಮತ್ತೆ ಮತ್ತೆ ಕಂಡವು. ನೂರರಲ್ಲಿ 87 ಕಡೆ, ಬಿಡಿಸಬಲ್ಲ ಶಕ್ತಿಯುಳ್ಳ ದೊಡ್ಡವರು ಯಾರೂ ಹತ್ತಿರ ಇರಲಿಲ್ಲ. 85 ಕಡೆ, ಸತ್ತವರಿಗೂ ನಾಯಿಗೂ ಬಳಕೆ ಇರಲಿಲ್ಲ. 84 ಕಡೆ, ನಾಯಿಗೆ ಸಂತಾನಹರಣ ಮಾಡಿಸಿರಲಿಲ್ಲ. 77 ಕಡೆ, ಸತ್ತವರು ಚಿಕ್ಕ ವಯಸ್ಸಿನವರು ಇಲ್ಲವೇ ನಾಯಿಯ ಜೊತೆ ಹೇಗಿರಬೇಕೆಂದು ತಿಳಿಯದ ಸ್ಥಿತಿಯಲ್ಲಿದ್ದವರು. 76 ಕಡೆ, ನಾಯಿಯನ್ನು ಮನೆಯವರ ಒಡನಾಟದಿಂದ ದೂರ, ಹಿತ್ತಿಲಲ್ಲೋ ಸರಪಳಿಯಲ್ಲೋ ಇಟ್ಟಿದ್ದರು. ಹತ್ತರಲ್ಲಿ ಎಂಟು ಸಾವುಗಳಲ್ಲಿ ಇಂಥ ನಾಲ್ಕು ಇಲ್ಲವೇ ಅದಕ್ಕಿಂತ ಹೆಚ್ಚು ಸಂಗತಿಗಳು ಒಟ್ಟಿಗೆ ಕೂಡಿದ್ದವು.

ಇದನ್ನೀಗ ಆಲಮೇಲದ ಹತ್ತಿರದ ಕಬ್ಬಿನ ಹೊಲಕ್ಕೋ ನಾಲತವಾಡದ ಆಚೆಯ ವಸ್ತಿಗೋ ತಂದು ನೋಡಿ. ಕಾವಲಿಗೆ ತಂದ ನಾಯಿ ಹಗಲೆಲ್ಲ ಸರಪಳಿಯಲ್ಲಿ. ಗೂಟ ಇರುವುದು ತಗಡಿನ ಶೆಡ್ಡಿನ ಬದಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ರಾತ್ರಿ ಬಿಡುತ್ತಾರೆ. ಸಂತಾನಹರಣ ಮಾಡಿಸುವ ಮಾತೇ ಇಲ್ಲ, "ಗಂಡಸತನ ಹೋದ್ರ ಕಾವಲ ಹ್ಯಾಂಗ ಮಾಡತೈತ್ರಿ" ಎನ್ನುತ್ತಾರೆ. ಮಾತಾಡಿಸುವವನು ಮನೆಯಲ್ಲಿ ಒಬ್ಬನೇ, ಮರಿ ತಂದ ಹುಡುಗ. ಅವನು ವಿಜಯಪುರಕ್ಕೆ ಕಾಲೇಜಿಗೆ ಹೋದರೆ ಅನ್ನ ಹಾಕುವವರು ದೂರದಿಂದ ತಟ್ಟೆ ನೂಕಿ ಬರುತ್ತಾರೆ. ಹೊಲದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ತಮ್ಮ ಕೂಸುಗಳನ್ನು ಗಿಡದ ನೆರಳಿಗೆ ಬಿಟ್ಟು ಕಳೆ ತೆಗೆಯಲು ಹೋಗುತ್ತಾರೆ. ನಾಯಿಗೆ ಗುರುತಿಲ್ಲದ ಕೂಸುಗಳು, ಹತ್ತಿರ ದೊಡ್ಡವರಿಲ್ಲ. ಆ ಅಧ್ಯಯನದವರು ಸತ್ತ ಮೇಲೆ ಹುಡುಕಿ ತೆಗೆದ ಐದೂ ಸಂಗತಿಗಳನ್ನು ನಾವು ಮರಿ ತಂದ ದಿನವೇ ಒಂದೇ ಅಂಗಳದಲ್ಲಿ ಕೂಡಿಸಿ ಇಡುತ್ತೇವೆ.

ಕಾವಲು ಎಂದರೆ ನಾಯಿ ಒಂಟಿಯಾಗಿ ಸಿಟ್ಟಿನಲ್ಲಿರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಖಾರ ತಿನಿಸಿದರೆ ಜೋರಾಗುತ್ತದೆ ಎನ್ನುವವರೂ ಇದ್ದಾರೆ. ಪಾಪ, ಅದಕ್ಕೆ ಆಗುವುದು ಹೊಟ್ಟೆನೋವು. ಸರಪಳಿಯ ನಾಯಿಗೆ ಓಡಿಹೋಗಲು ದಾರಿ ಇಲ್ಲ. ಹೆದರಿದಾಗ ಅದಕ್ಕೆ ಉಳಿಯುವುದು ಹಲ್ಲೊಂದೇ. ಕಳ್ಳ ಯಾರು, ಪಕ್ಕದ ವಸ್ತಿಯ ಹುಡುಗ ಯಾರು ಎಂದು ಗುರುತಿಸಬಲ್ಲದ್ದು ಜನರ ನಡುವೆ ಬೆಳೆದ ನಾಯಿಯೇ. ಪಿಟ್‌ಬುಲ್‌ಗಳ ಕಿವಿ ಕತ್ತರಿಸುವ ಶೋಕಿ ಬೇರೆ ಇದೆ. ಕಿವಿ ಹಿಂದಕ್ಕೆ ಮಡಚುವುದು ನಾಯಿ ಹೆದರಿದೆ ಎಂಬುದರ ಒಂದು ಗುರುತು. ಅದನ್ನು ಕತ್ತರಿಸಿ ತೆಗೆದರೆ ಮಗುವಿಗೆ ಹೇಗೆ ತಿಳಿಯಬೇಕು?

ಉತ್ತರ ಭಾರತದ ಎರಡು ಘಟನೆಗಳು ದೇಶದಲ್ಲಿ ಈ ಚರ್ಚೆ ಎಬ್ಬಿಸಿದವು. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯೊಬ್ಬರನ್ನು ಅವರ ಮನೆಯದೇ ಪಿಟ್‌ಬುಲ್ ಕೊಂದಿತು. ಮಗ ಹೊರಗೆ ಹೋಗಿದ್ದ ಹೊತ್ತು. ಬಿಡಿಸಬಲ್ಲವರು ಇರಲಿಲ್ಲ. ಎರಡು ತಿಂಗಳೊಳಗೆ ಗಾಜಿಯಾಬಾದಿನ ಉದ್ಯಾನದಲ್ಲಿ ಆಡುತ್ತಿದ್ದ ಬಾಲಕನ ಮುಖಕ್ಕೆ ಪಿಟ್‌ಬುಲ್ ಬಾಯಿ ಹಾಕಿತು. ನೂರೈವತ್ತರಷ್ಟು ಹೊಲಿಗೆ ಬಿದ್ದವು ಎಂದು ಸುದ್ದಿಯಾಯಿತು. ಅದೇ ವರ್ಷ ಗಾಜಿಯಾಬಾದ್ ಪಾಲಿಕೆ ಪಿಟ್‌ಬುಲ್, ರಾಟ್‌ವೀಲರ್, ಡೋಗೊ ಅರ್ಜೆಂಟಿನೊ ಸಾಕುವುದನ್ನು ನಿಷೇಧಿಸಿತು.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತು. ಪಿಟ್‌ಬುಲ್ ಸೇರಿ 23 ತಳಿಗಳ ಆಮದು, ಸಂತಾನ, ಮಾರಾಟ ನಿಲ್ಲಿಸಿ, ಈಗಾಗಲೇ ಇರುವವಕ್ಕೆ ಸಂತಾನಹರಣ ಮಾಡಿಸಿ ಎಂದಿತ್ತು. ಕರ್ನಾಟಕದ ಹೈಕೋರ್ಟ್ ವಾರದೊಳಗೆ ತಡೆ ಕೊಟ್ಟಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ ಸುತ್ತೋಲೆ ನಿಲ್ಲದು ಎಂದು ರದ್ದು ಮಾಡಿದರು. ಕೇಳಿ, ಚರ್ಚಿಸಿ ಹೊಸದಾಗಿ ನಿಯಮ ಮಾಡಲು ಸರ್ಕಾರಕ್ಕೆ ಬಾಗಿಲು ತೆರೆದೇ ಇಟ್ಟರು. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ಪಟ್ಟಿಯಲ್ಲಿ 'ಟೆರಿಯರ್‌ಗಳು', 'ಮ್ಯಾಸ್ಟಿಫ್‌ಗಳು' ಎಂದು ಇಡೀ ಕುಲಗಳನ್ನೇ ಸೇರಿಸಿದ್ದರು. ಮೊಣಕಾಲಿಗೂ ಬಾರದ ಟೆರಿಯರ್‌ಗಳೂ ಅದರಲ್ಲಿ ಸಿಕ್ಕಿಬೀಳುತ್ತಿದ್ದವು. ಬ್ರಿಟನ್ 1991ರಲ್ಲೇ ಪಿಟ್‌ಬುಲ್ ನಿಷೇಧಿಸಿ, ಮೂವತ್ತು ವರ್ಷದ ಮೇಲೆ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೊಂದನ್ನು ಪಟ್ಟಿಗೆ ಸೇರಿಸಬೇಕಾಯಿತು. ಒಂದು ಹೆಸರು ಹೋದರೆ ಶೋಕಿ ಇನ್ನೊಂದು ಹೆಸರಿಗೆ ಜಿಗಿಯುತ್ತದೆ. ನೆದರ್ಲೆಂಡ್ಸ್ 1993ರಲ್ಲಿ ತಂದ ನಿಷೇಧವನ್ನು ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು.

ನಿಷೇಧವಿಲ್ಲ ಎಂದಮಾತ್ರಕ್ಕೆ ಹೊಣೆ ತಪ್ಪಿತು ಎಂದಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2017ರ ನಾಯಿ ಸಂತಾನ ಮತ್ತು ಮಾರಾಟ ನಿಯಮಗಳ ಪ್ರಕಾರ ನೋಂದಣಿ ಇಲ್ಲದೆ ಮರಿ ಮಾಡಿಸಿ ಮಾರುವಂತಿಲ್ಲ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೊಬೈಲಿನಲ್ಲಿ ಫೋಟೊ ಕಳಿಸಿ, ಮರಿಯನ್ನು ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುವವರಿಗೆ ಈ ನಿಯಮದ ಗಾಳಿಯೂ ಸೋಕಿದಂತಿಲ್ಲ. ತಾಯಿಯಿಂದ ಬೇಗ ಅಗಲಿದ ಮರಿ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಕಲಿಯದೆಯೇ ನಿಮ್ಮ ಮನೆಗೆ ಬರುತ್ತದೆ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡಿಯೇ ಅದು ಆ ಪಾಠ ಕಲಿಯಬೇಕು.

ಹಾಗಾದರೆ ಮುಧೋಳ ನಾಯಿ ತರೋಣವೇ ಎಂದು ಕೇಳುತ್ತಾರೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಮುಧೋಳ ನಮ್ಮ ಜಿಲ್ಲೆಯದೇ ತಾಲ್ಲೂಕು, ಹೆಮ್ಮೆ ಸಹಜ. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು, ಇಂಗ್ಲೆಂಡಿನ ದೊರೆಗೂ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆ ತರಬೇತಿಗೆಂದು ಮೀರತ್‌ಗೆ ಮರಿಗಳನ್ನು ಒಯ್ದಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ, ಸಾಕುವವರು ಅಲ್ಲಿ ಕೇಳಬಹುದು. ನಮ್ಮ ಬಿಸಿಲು ಇದಕ್ಕೆ ಹೊಸದಲ್ಲ. ಆದರೆ ಇದು ಬೇಟೆಯ ನಾಯಿ, ಕಣ್ಣಿಗೆ ಓಡುವುದು ಕಂಡರೆ ಅಟ್ಟಿಕೊಂಡು ಹೋಗುತ್ತದೆ. ಕೋಳಿ, ಆಡಿನ ಮರಿ ಇರುವಲ್ಲಿ ಚಿಕ್ಕಂದಿನಿಂದ ರೂಢಿ ಮಾಡಿಸಬೇಕು. ಅಪರಿಚಿತರು ಮೈ ಮುಟ್ಟುವುದು ಇದಕ್ಕೆ ಸೇರುವುದಿಲ್ಲ. ದಿನವಿಡೀ ಕಟ್ಟಿಹಾಕಿದರೆ ಇದೂ ಕೆಡುತ್ತದೆ. ಪಿಟ್‌ಬುಲ್‌ಗಿಂತ ನಮ್ಮ ವಸ್ತಿಗೆ ಒಗ್ಗುವ ನಾಯಿ ಎನ್ನಬಲ್ಲೆ. ಮಕ್ಕಳನ್ನು ಒಪ್ಪಿಸಿ ಹೋಗಬಹುದಾದ ನಾಯಿ ಎಂದು ಇದನ್ನಷ್ಟೇ ಅಲ್ಲ, ಯಾವ ನಾಯಿಯನ್ನೂ ಹೇಳಲಾರೆ.

ಈಗಾಗಲೇ ಪಿಟ್‌ಬುಲ್ ತಂದಿದ್ದರೆ ಅದನ್ನು ಒಯ್ದು ರಸ್ತೆಗೆ ಬಿಡಬೇಡಿ, ಅದು ಅಪಾಯವನ್ನು ಬೇರೆಯವರ ಮಕ್ಕಳ ಹೆಗಲಿಗೆ ಹಾಕಿದಂತೆ. ಸಂತಾನಹರಣ ಮಾಡಿಸಿ. ಸರಪಳಿಯ ಬದಲು ಎತ್ತರದ ಜಾಲರಿಯ ಆವರಣ ಕಟ್ಟಿ, ನೆರಳು, ನೀರು ಇರಲಿ, ಅಗುಳಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಹೊರಗೆ ಒಯ್ಯುವಾಗ ಬಾಯಿಕುಕ್ಕೆ ಹಾಕಿ. ಮಗು ಮತ್ತು ನಾಯಿ ಒಂದೇ ಕಡೆ ಇದ್ದಾಗ ದೊಡ್ಡವರೊಬ್ಬರ ಕಣ್ಣು ಅಲ್ಲಿರಲಿ, ಕೈಯಲ್ಲಿ ಮೊಬೈಲ್ ಬೇಡ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಕಲಿಸಿ. ಬಾಲ ಅಲ್ಲಾಡಿಸಿದರೆ ಖುಷಿಯಲ್ಲಿದೆ ಎಂದು ನಂಬಬೇಡಿ. ಮೈ ಸೆಟೆದು, ಬಾಲ ಮೇಲೆತ್ತಿ, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುವ ನಾಯಿ ಎಚ್ಚರಿಕೆ ಕೊಡುತ್ತಿದೆ.

ಮತ್ತೆ ಆ 15,500ಕ್ಕೆ ಬರಲೇಬೇಕು. ಕಚ್ಚಿದವು ಯಾವ ನಾಯಿಗಳು ಎಂದು ನಮ್ಮ ಓಣಿಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಮಾಂಸದಂಗಡಿಯ ಹಿಂದೆ, ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯ ಗೇಟಿನ ಹತ್ತಿರ ಇರುವವು, ಅರ್ಧ ಸಾಕಿದವು, ರೊಟ್ಟಿ ಹಾಕುವವರು ಇದ್ದರೂ ಲಸಿಕೆ ಹಾಕಿಸುವವರು ಇಲ್ಲದವು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆಯಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಅದು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿಗೂ ಅನ್ವಯಿಸುತ್ತದೆ, ಬಸವನಬಾಗೇವಾಡಿಯ ಶಾಲೆಗೂ. ಮಗುವಿನ ಜೀವಕ್ಕೆ ಪಿಟ್‌ಬುಲ್‌ನ ದವಡೆಗಿಂತ ದೊಡ್ಡ ಅಪಾಯ ರೇಬೀಸ್. ಅದು ಕೆರೆದಷ್ಟೇ ಗಾಯದಿಂದಲೂ ಬರುತ್ತದೆ, ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳ ಇತ್ತೀಚಿನ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 5,700ರಷ್ಟು ಜನ ಇದರಿಂದ ಸಾಯುತ್ತಾರೆ. ಮನೆಯ ನಾಯಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಇನ್ನೊಂದು, ಮುಂದೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳು ಶಿಬಿರ ನಡೆಸಿ ಪುಕ್ಕಟೆ ಹಾಕುತ್ತವೆ. ರೊಟ್ಟಿ ಹಾಕುವ ಓಣಿಯ ನಾಯಿಯನ್ನೂ ಆ ದಿನ ಹಿಡಿದುಕೊಂಡು ಹೋಗಿ.

ಕಚ್ಚಿದ್ದು ಪಿಟ್‌ಬುಲ್ ಇರಲಿ, ಓಣಿಯ ನಾಯಿ ಇರಲಿ, ನಿಮ್ಮದೇ ಮನೆಯ ಮರಿ ಇರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಖಾರಪುಡಿ, ಸುಣ್ಣ, ಅರಿಸಿನ ಹಚ್ಚಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ, ನಾಟಿ ಔಷಧಿಗೆಂದು ಊರೂರು ಅಲೆಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ, ಲಸಿಕೆಗೆ ದುಡ್ಡು ಕೊಡಬೇಕಿಲ್ಲ. ಗಾಯ ಆಳವಾಗಿದ್ದರೆ ಅಥವಾ ಮುಖ, ಕತ್ತು, ಕೈಗಾಗಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬ್ಯುಲಿನ್ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ತಡಮಾಡದೆ ವಿಜಯಪುರದ ಜಿಲ್ಲಾಸ್ಪತ್ರೆಗೆ ಒಯ್ಯಿರಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಮತ್ತೆ ಹೋಗಬೇಕು. ಗಾಯ ಮಾಯ್ದಿದೆ ಎಂದು ಕೊನೆಯ ಸೂಜಿ ತಪ್ಪಿಸಬೇಡಿ.